ಹಗಲಿನ ಫೋಟೋ ರಾತ್ರಿಯಾಗಬೇಕಾದರೆ ಮೊದಲು ದೀಪ ಎಲ್ಲಿದೆ ಅಂತ ಗೊತ್ತು ಮಾಡಿಕೊಳ್ಳಿ

ಊರಿನ ಹಂಚಿನ ಮನೆಯ ಫೋಟೋವನ್ನು ಹಗಲಲ್ಲಿ ತೆಗೆದಿದ್ದೀರಿ. ಅದನ್ನು ರಾತ್ರಿಯ ಹಾಗೆ ಮಾಡಬೇಕು, ಆದರೆ ಎಷ್ಟು ಬ್ರೈಟ್‌ನೆಸ್ ಇಳಿಸಿದರೂ ಮೋಡ ಕವಿದ ಮಧ್ಯಾಹ್ನದ ಹಾಗೇ ಕಾಣುತ್ತದೆ ಅಂತ ಕೇಳಿದ್ದೀರಿ. ಅದು ಹಾಗೆ ಕಾಣಲೇಬೇಕು. ಹಗಲಲ್ಲಿ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಮೂಲೆ ಮೂಲೆಗೂ ಬೀಳುತ್ತದೆ. ಅದನ್ನೇ ಕಮ್ಮಿ ಮಾಡಿದರೆ ಮಂಕಾದ ಹಗಲು ಸಿಗುತ್ತದೆ ಅಷ್ಟೇ. ರಾತ್ರಿ ಬೆಳಕು ಬರುವುದು ಒಂದೆರಡು ಕಡೆಯಿಂದ ಮಾತ್ರ: ಜಗುಲಿಯ ಬಲ್ಬು, ಕಿಟಕಿ, ಚಂದ್ರ. ಅವು ಎಲ್ಲಿವೆ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಎಡಿಟಿಂಗ್‌ಗೆ ಕೈ ಹಾಕಿ.

ನಾನು ಬಳಸುವುದು ಗಿಂಪ್ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಫೋಟೋಶಾಪ್ ಇದ್ದರೆ ಅದರ ಕಲರ್ ಲುಕಪ್‌ನಲ್ಲಿ 'ಮೂನ್‌ಲೈಟ್', 'ನೈಟ್ ಫ್ರಮ್ ಡೇ' ಅಂತ ರೆಡಿಮೇಡ್ ಆಯ್ಕೆಗಳೇ ಇವೆ. ಅವು ಬಣ್ಣ ಬದಲಾಯಿಸುತ್ತವೆ, ದೀಪ ಹಚ್ಚುವುದಿಲ್ಲ.

ಮೊದಲು ಆಕಾಶ. ಬಿಳಿ ಆಕಾಶ ಉಳಿದರೆ ಉಳಿದದ್ದೆಲ್ಲ ವ್ಯರ್ಥ. ಸಿನಿಮಾದವರು ಹಗಲಲ್ಲೇ ರಾತ್ರಿ ದೃಶ್ಯ ತೆಗೆಯುವಾಗ (ಡೇ ಫಾರ್ ನೈಟ್ ಅಂತಾರೆ) ಆದಷ್ಟು ಆಕಾಶವನ್ನು ಫ್ರೇಮಿನಿಂದ ಹೊರಗಿಡುವುದು ಇದಕ್ಕೇ. ನಿಮ್ಮ ಫೋಟೋದಲ್ಲಿ ತೆಂಗಿನ ಗರಿಗಳಿದ್ದರೆ ಕೈಯಿಂದ ಸೆಲೆಕ್ಟ್ ಮಾಡಲು ಹೋಗಬೇಡಿ. ಚಾನೆಲ್ಸ್‌ನಲ್ಲಿ (ಫೋಟೋದ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ತೋರಿಸುವ ಕಡೆ) ನೀಲಿ ಚಾನೆಲ್ ನೋಡಿ. ಆಕಾಶ ಬೆಳ್ಳಗೆ, ಎಲೆ ಕಪ್ಪಗೆ ಇರುತ್ತದೆ. ಅದನ್ನು ಕಾಪಿ ಮಾಡಿ, ಲೆವೆಲ್ಸ್‌ನಲ್ಲಿ ಇನ್ನಷ್ಟು ಕಪ್ಪು-ಬಿಳುಪು ಮಾಡಿದರೆ ಗರಿಗರಿಯೂ ಬಿಡಿಸಿದ ಮಾಸ್ಕ್ ಸಿಗುತ್ತದೆ, ಅಂದರೆ ಲೇಯರ್‌ನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಹೇಳುವ ಕಪ್ಪು-ಬಿಳುಪು ಚಿತ್ರ. ಆಕಾಶಕ್ಕೆ ಕಡುನೀಲಿ ಹಾಕಿ, ಕೆಳಗೆ ಮರಗಳ ಹತ್ತಿರ ಸ್ವಲ್ಪ ತಿಳಿ ಇರಲಿ.

ಆಮೇಲೆ ಇಡೀ ಫೋಟೋ ಮೇಲೆ ಒಂದು ನೀಲಿ ಲೇಯರ್ (ಪದರ), ಮೋಡ್ ಮಲ್ಟಿಪ್ಲೈ, ಅಂದರೆ ಕೆಳಗಿನ ಚಿತ್ರವನ್ನು ತನ್ನ ಬಣ್ಣದಲ್ಲಿ ಕಪ್ಪಾಗಿಸುವ ಮೋಡ್. ಕೆಂಪು 50, ಹಸಿರು 70, ನೀಲಿ 120ರಿಂದ ಶುರು ಮಾಡಿ ನೋಡಿ. ಜೊತೆಗೆ ಕೆಂಪು ಬಣ್ಣವನ್ನು ಬೇರೆಯಾಗಿ ಇಳಿಸಲೇಬೇಕು. ಮಬ್ಬು ಬೆಳಕಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ-ಹಸಿರು ಸ್ವಲ್ಪ ಹೊತ್ತು ಉಳಿಯುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಗುಣಕ್ಕಿದೆ. ಅಂಗಳದ ದಾಸವಾಳ ನೋಡಿ: ಕತ್ತಲಾಗುತ್ತಾ ಹೂವು ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಕಾಣುತ್ತಿರುತ್ತದೆ. ಹಂಚು ಕೆಂಪಗೇ ಉಳಿದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುವುದು ಇದರಿಂದಲೇ.

ಈಗ ದೀಪ. ಉಳಿದೆಲ್ಲ ಕೆಲಸಕ್ಕಿಂತ ನಾನು ಇದಕ್ಕೇ ಜಾಸ್ತಿ ಹೊತ್ತು ಕೊಡುತ್ತೇನೆ. ಸುಮ್ನೆ ಹಳದಿ ಬ್ರಷ್ ಆಡಿಸಿದರೆ ಗೋಡೆಗೆ ಬಣ್ಣ ಬಳಿದ ಹಾಗಾಗುತ್ತದೆ. ಹಗಲಿನ ಫೋಟೋ ಕೆಳಗೇ ಇದೆ ಅಲ್ವಾ, ಅದನ್ನೇ ಬಳಸಿಕೊಳ್ಳಿ. ನೀಲಿ ಲೇಯರ್‌ಗೆ ಮಾಸ್ಕ್ ಹಾಕಿ, ಬಲ್ಬಿನ ಬೆಳಕು ಬೀಳುವ ಜಾಗವನ್ನು ಮೃದುವಾದ ಬ್ರಷ್‌ನಿಂದ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಗೋಡೆಯ ಸುಣ್ಣದ ಬಿರುಕು, ಬಾಗಿಲ ದಾರಂದದ ಕೆತ್ತನೆ ತಾವಾಗಿಯೇ ಮೇಲೆ ಬರುತ್ತವೆ. ಅದರ ಮೇಲೆ ಬೆಚ್ಚಗಿನ ಬಣ್ಣದ ಇನ್ನೊಂದು ಮಲ್ಟಿಪ್ಲೈ ಲೇಯರ್. ಹಳೇ ಗುಂಡು ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಅಂದರೆ ಕೆಂಪು 255, ಹಸಿರು 170, ನೀಲಿ 90ರ ಆಸುಪಾಸು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ, ಆದ್ದರಿಂದ ಬಲ್ಬಿನ ಪಕ್ಕದ ಗೋಡೆ ಹೊಳೆಯಬೇಕು, ಅಂಗಳದ ತುದಿ ಕತ್ತಲಲ್ಲೇ ಇರಬೇಕು. ಜಗುಲಿಯ ಕಂಬದ ನೆರಳು ಬಲ್ಬಿಗೆ ಎದುರು ದಿಕ್ಕಿನಲ್ಲಿ ಅಂಗಳಕ್ಕೆ ಬೀಳಬೇಕು. ಮಾಡಿನ ಕೆಳಗಿರುವ ಬಲ್ಬು ಹಂಚಿನ ಮೇಲ್ಭಾಗವನ್ನು ಬೆಳಗುವುದೇ ಇಲ್ಲ. ಕೆಳಗಿನ ಪಕಾಸುಗಳು ಮಾತ್ರ ಕಾಣುತ್ತವೆ. ಕಿಟಕಿಯಲ್ಲಿ ಸರಳುಗಳು ಕಪ್ಪಗೇ ಇರಲಿ, ನಡುವಿನ ಜಾಗ ಮಾತ್ರ ಬೆಳಗಲಿ.

ಚಂದ್ರ ಬೇಕು ಅಂದರೆ ಮೊದಲು ಫೋಟೋದ ನೆರಳು ನೋಡಿ. ನೆರಳು ಬಲಕ್ಕೆ ಬಿದ್ದಿದ್ದರೆ ಚಂದ್ರ ಎಡಕ್ಕೇ ಇರಬೇಕು. ಗಾತ್ರದ ಬಗ್ಗೆಯೂ ಹುಷಾರು. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಅಡ್ಡಕ್ಕೆ ತೆಗೆದ 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದು ಹೆಚ್ಚುಕಮ್ಮಿ 30 ಪಿಕ್ಸೆಲ್ ಆಗುತ್ತದೆ. ತಟ್ಟೆಯಷ್ಟು ದೊಡ್ಡದು ಅಂಟಿಸಿದರೆ ಎಲ್ಲ ಕೆಲಸ ಹಾಳು. ಹುಣ್ಣಿಮೆ ಅಂದಮೇಲೆ ನಕ್ಷತ್ರಗಳೂ ಬೆರಳೆಣಿಕೆಯಷ್ಟೇ ಸಾಕು.

ಇಷ್ಟಾದ ಮೇಲೆ ಮೊಬೈಲಿನಲ್ಲಿ, ಬ್ರೈಟ್‌ನೆಸ್ ಅರ್ಧಕ್ಕಿಟ್ಟು ನೋಡಿ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡದ್ದು ಅಲ್ಲಿ ಪೂರ್ತಿ ಕಪ್ಪಾಗಿರಬಹುದು. ಆಕಾಶದಲ್ಲಿ ಪಟ್ಟೆ ಪಟ್ಟೆ ಕಂಡರೆ ಸ್ವಲ್ಪ ನಾಯ್ಸ್ (ಸಣ್ಣ ಸಣ್ಣ ಚುಕ್ಕೆಗಳು) ಸೇರಿಸಿ. ಗಿಂಪ್ 2.10 ಅಥವಾ ಆಮೇಲಿನದಾದರೆ ಶುರುವಲ್ಲೇ 16 ಬಿಟ್‌ಗೆ (ಬಣ್ಣದ ಹಂತಗಳು ಹೆಚ್ಚಿರುವ ಮೋಡ್‌ಗೆ) ಬದಲಾಯಿಸಿಕೊಂಡರೆ ಈ ತೊಂದರೆ ಕಮ್ಮಿ.

ನೆತ್ತಿ ಬಿಸಿಲಲ್ಲಿ ತೆಗೆದ ಫೋಟೋ ಆಗಿದ್ದರೆ ಮಾತ್ರ ಕಷ್ಟ. ಆ ಗಾಢ ನೆರಳುಗಳನ್ನು ಅಳಿಸುವುದು ದೊಡ್ಡ ಕೆಲಸ. ಮೋಡದ ದಿನ ತೆಗೆದ ಇನ್ನೊಂದು ಫೋಟೋ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಅದರಲ್ಲಿ ನೆರಳಿನ ಕಾಟವೇ ಇರುವುದಿಲ್ಲ.