ಅಜ್ಜನ ನೇಮ, ಮಗನ ಪರ್ಮಿಟ್

ಓದುಗರ ಪತ್ರ: ನನ್ನ ಅಜ್ಜ ನಮ್ಮ ಕಡೆ ಹೆಸರಾದ ಕೋವಿಗಾರ. ಕಡವೆಯಾಗಲಿ ಕಾಡುಕುರಿಯಾಗಲಿ, ಹೆಣ್ಣಿಗೆ ಈಡು ಹೊಡೆದವನಲ್ಲ. ‘ಹೊಟ್ಟೇಲಿ ಇಲ್ಲದಿದ್ರೆ ಹಳುವಿನಲ್ಲಿ ಮರಿ ಇರುತ್ತೆ’ ಅನ್ನುತ್ತಿದ್ದ. ಈಗ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಮಗ ಡಿಸೆಂಬರಿನಲ್ಲಿ ಹೆಣ್ಣು ಜಿಂಕೆ ಹೊಡೆದು ಫೋಟೊ ಕಳಿಸಿದ್ದಾನೆ. ಸರ್ಕಾರವೇ ಪರ್ಮಿಟ್ ಕೊಡುತ್ತದಂತೆ. ತನ್ನದು ವಿಜ್ಞಾನ, ಮುತ್ತಜ್ಜನದು ಮೂಢನಂಬಿಕೆ ಅನ್ನುತ್ತಾನೆ. ಯಾರು ಸರಿ? ಪುಣ್ಯಕ್ಕೆ ನಮ್ಮಲ್ಲಿ ಬೇಟೆ ನಿಂತೇಹೋಗಿದೆ. (ಹೋದ ಮಳೆಗಾಲದಲ್ಲಿ ತೋಟದಂಚಿನಲ್ಲಿ ತಬ್ಬಲಿ ಜಿಂಕೆಮರಿಯೊಂದು ಸಿಕ್ಕಿತ್ತು. ಮನೆಗೆ ತಂದು ಹಸುವಿನ ಹಾಲು ಕುಡಿಸಿದೆವು. ಉಳಿಯಲಿಲ್ಲ.)
— ಓದುಗರೊಬ್ಬರು, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಮಗನಿಗೆ ಸಲ್ಲಬೇಕಾದ ನ್ಯಾಯವನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಅವನಿರುವ ಕಡೆ ತೋಳ, ಪ್ಯೂಮಾಗಳನ್ನು ಎಂದೋ ಕೊಂದು ಮುಗಿಸಿದ್ದಾರೆ. ಜಿಂಕೆಯನ್ನು ಹಿಡಿದು ತಿನ್ನುವ ದೊಡ್ಡ ಪ್ರಾಣಿ ಅಂತ ಉಳಿದಿರುವುದು ಮುಖ್ಯವಾಗಿ ಮನುಷ್ಯ. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಲುವುದರಿಂದ ಗಂಡನ್ನಷ್ಟೇ ಹೊಡೆದರೆ ಸಂಖ್ಯೆ ತಗ್ಗುವುದಿಲ್ಲ. ಜಿಂಕೆ ಮಿತಿಮೀರಿದರೆ ಕಾಡಿನಲ್ಲಿ ಹೊಸ ಸಸಿ ಮೇಲೇಳುವುದಿಲ್ಲ. ಇದೆಲ್ಲ ನಿಜ.

ಆದರೆ ಅವನಿಗೊಂದು ವಿಷಯ ತಿಳಿಸಿ. ಮುತ್ತಜ್ಜನ ‘ಮೂಢನಂಬಿಕೆ’ ಅವನ ಪೆನ್ಸಿಲ್ವೇನಿಯಾದಲ್ಲೇ ಒಂದು ಕಾಲಕ್ಕೆ ಕಾನೂನಾಗಿತ್ತು. ಹೊಡೆದೂ ಹೊಡೆದೂ ಜಿಂಕೆಗಳು ಅಳಿವಿನಂಚಿಗೆ ಬಂದಾಗ, 1907ರಲ್ಲಿ, ಹೆಣ್ಣನ್ನು ಮುಟ್ಟಕೂಡದು ಎಂದು ಅಲ್ಲಿಯವರೇ ವಿಧಿಸಿಕೊಂಡರು. ಸಂಖ್ಯೆ ವಿಪರೀತ ಏರಿದ ಮೇಲೆ, 1920ರ ದಶಕದಲ್ಲಿ, ಮತ್ತೆ ಹೆಣ್ಣಿನ ಬೇಟೆಗೆ ದಾರಿ ಬಿಟ್ಟರು. ಇವತ್ತು ಅವನ ಕೋವಿಯ ಮುಂದೆ ಸುಳಿಯುವುದಕ್ಕೆ ಜಿಂಕೆ ಉಳಿದಿರುವುದರಲ್ಲಿ ಆ ನೇಮದ ಪಾಲು ದೊಡ್ಡದು.

ಇನ್ನು ಮರಿಯ ಮಾತು. ಅಲ್ಲಿಯ ಬಿಳಿಬಾಲದ ಜಿಂಕೆ ಹೆಚ್ಚಾಗಿ ಮೇ ಕೊನೆ, ಜೂನ್‌ನಲ್ಲಿ ಈಯುತ್ತದೆ. ಡಿಸೆಂಬರ್ ಹೊತ್ತಿಗೆ ಮರಿಗೆ ಆರು ತಿಂಗಳು. ಹಾಲು ಬಿಟ್ಟಿರುತ್ತದೆ, ತಾಯಿಯಿಲ್ಲದೆಯೂ ಬದುಕಬಲ್ಲದು. ಈ ಆರು ತಿಂಗಳ ಲೆಕ್ಕ ಹಾಕಿದಾಗ ನನಗೆ ನೆನಪಾದದ್ದು ಅಶೋಕ. ಪಟ್ಟಕ್ಕೆ ಬಂದು 26 ವರ್ಷಗಳಾದಾಗ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಅವನು ಹೇಳುತ್ತಾನೆ: ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಕೂಡದು, ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಕೂಡದು. ಆ ಸಾಲಿನಲ್ಲಿ ಜಿಂಕೆಯ ಹೆಸರಿಲ್ಲ, ಇರಲಿ. ಹಾಲಿನ ಲೆಕ್ಕದಲ್ಲಿ ನಿಮ್ಮ ಮಗ ಪಾಸಾದ. ಬಸಿರಿನ ಲೆಕ್ಕದಲ್ಲಿ? ಆ ಜಿಂಕೆಗಳು ಬೆದೆಗೆ ಬರುವುದು ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಬಿದ್ದ ಬೆಳೆದ ಹೆಣ್ಣು ಬಹುಮಟ್ಟಿಗೆ ಬಸುರಿಯೇ. ಅಜ್ಜ ಹೇಳಿದ್ದ ಎರಡು ಮಾತಿನಲ್ಲಿ ಒಂದನ್ನಷ್ಟೇ ಪರ್ಮಿಟ್ ಕೇಳಿಸಿಕೊಂಡಿದೆ.

ಜರ್ಮನಿಯ ಬೇಟೆ ಕಾಯ್ದೆಯೂ ಮರಿ ಸ್ವತಂತ್ರವಾಗುವ ತನಕ ಅದನ್ನು ಸಾಕುವ ತಾಯಿಯನ್ನು ಹೊಡೆಯಬಾರದು ಎನ್ನುತ್ತದೆ. ಹೊಡೆದರೆ ಅಪರಾಧ. ಅಲ್ಲಿಯ ಬೇಟೆಗಾರರನ್ನು ಯಾರೂ ಮೂಢರು ಅನ್ನುವುದಿಲ್ಲ.

ನಮ್ಮ ಕಾಡಿನ ಕತೆಯೇ ಬೇರೆ. ಚುಕ್ಕೆ ಜಿಂಕೆ ನಮ್ಮಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಈಯಬಹುದು. ಒಂದೇ ಹಿಂಡಿನಲ್ಲಿ ಒಂದು ಗಬ್ಬ, ಇನ್ನೊಂದು ಬಾಣಂತಿ, ಮತ್ತೊಂದು ಬೆದೆಯಲ್ಲಿ. ಮರಿಯನ್ನು ಮೊದಮೊದಲು ಪೊದೆಯೊಳಗೆ ಮಲಗಿಸಿ ತಾಯಿ ದೂರ ಮೇಯುವುದರಿಂದ, ಕೋವಿ ಹಿಡಿದವನಿಗೆ ಒಂಟಿ ಹೆಣ್ಣು ಕಾಣುತ್ತದೆಯೇ ಹೊರತು ಮರಿ ಕಾಣುವುದಿಲ್ಲ. ‘ಇಂಥ ತಿಂಗಳಲ್ಲಿ ಹೊಡೆದರೆ ತೊಂದರೆಯಿಲ್ಲ’ ಎಂಬ ಪಂಚಾಂಗ ಇಲ್ಲಿ ನಡೆಯುವುದಿಲ್ಲ. ಹಾಗಿದ್ದಾಗ ಉಳಿಯುವ ಖಾತ್ರಿ ದಾರಿ ಒಂದೇ, ಹೆಣ್ಣಿಗೆ ಎಂದೂ ಹೊಡೆಯದಿರುವುದು. ನಿಮ್ಮ ಅಜ್ಜ ಹಿಡಿದದ್ದು ಅದನ್ನೇ. ಸಂಖ್ಯೆಯನ್ನು ಹದಕ್ಕೆ ತರಲು ಹುಲಿ, ಚಿರತೆ, ಸೀಳುನಾಯಿಗಳು ಇಲ್ಲಿ ಇನ್ನೂ ಇವೆ. ಅವಕ್ಕೆ ಪರ್ಮಿಟ್ ಬೇಕಿಲ್ಲ.

ಕೊಪ್ಪದ ಕಡೆಯ ಹಿರಿಯರೊಬ್ಬರು, ತಾರುಣ್ಯದಲ್ಲಿ ಸೋವು ಹೊಡೆದವರು (ಗದ್ದಲವೆಬ್ಬಿಸಿ ಪ್ರಾಣಿಗಳನ್ನು ಕೋವಿಗಾರರತ್ತ ಅಟ್ಟುತ್ತಿದ್ದವರು), ನನಗೆ ಹೇಳಿದ್ದರು: ‘ಹಳುವಿಂದ ಮೊದಲು ಹೊರಬೀಳೋದು ಹೆಣ್ಣು ಮಾರಾಯ್ರೇ. ಗಂಡು ಹಿಂದೆ ನಿಂತು ನೋಡ್ತದೆ. ಕೋವಿ ಹಿಡಿದು ಬಿಲ್ಲಿಗೆ ನಿಂತವ ಹೊಸಬ ಆದ್ರೆ ಹೆಣ್ಣಿಗೇ ಈಡು.’ ಅವಸರ ಮಾಡಿದವನಿಗೆ ಅವತ್ತು ಪಾಲು ಕೊಡುತ್ತಿರಲಿಲ್ಲವಂತೆ. ದಂಡ, ನೋಟೀಸು, ವಾಯಿದೆ ಏನೂ ಇಲ್ಲದೆ ಜಾರಿಯಾಗುತ್ತಿದ್ದ ಕಾನೂನು ಅದು! ಮುಂದಿನ ವರ್ಷವೂ ಬೇಟೆ ಸಿಗಲಿ ಎಂಬ ಸ್ವಾರ್ಥವಷ್ಟೆ, ಕರುಣೆಯೇನಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಸ್ವಾರ್ಥವೇ ಆಗಲಿ, ಮರಿಗೇನು ವ್ಯತ್ಯಾಸ?

ಪಾಂಡುವಿನ ಕತೆ ನಿಮಗೆ ಗೊತ್ತು. ಜಿಂಕೆಯ ರೂಪದಲ್ಲಿ ಕೂಡುತ್ತಿದ್ದ ಕಿಂದಮ ಋಷಿಗೆ ಬಾಣ ಬಿಟ್ಟು, ಕ್ಷತ್ರಿಯನಿಗೆ ಬೇಟೆ ಧರ್ಮವೇ ಎಂದು ವಾದಕ್ಕಿಳಿಯುತ್ತಾನೆ. ಕಿಂದಮ ಹೇಳುವುದೇನು? ಕೊಂದದ್ದಕ್ಕೆ ನಿನ್ನನ್ನು ದೂರುತ್ತಿಲ್ಲ, ನಾವು ಕೂಡಿ ಮುಗಿಸುವ ತನಕ ಕಾಯಬೇಕಿತ್ತು ಎಂದು. ಶಾಪ ತಗುಲಿದ್ದು ಬೇಟೆಗಲ್ಲ, ಹೊತ್ತು ನೋಡದ ಬೇಟೆಗೆ.

ಈ ತಿಳಿವಳಿಕೆ ನಮ್ಮ ಕಾನೂನಿಗೂ ಇಳಿದಿತ್ತು. 1972ರ ವನ್ಯಜೀವಿ ಕಾಯ್ದೆ ಮೊದಲು ಬಂದಾಗ ಲೈಸೆನ್ಸ್ ಬೇಟೆಗೆ ಜಾಗವಿತ್ತು. ಆಗಲೂ ಮರಿ, ಹೆಣ್ಣು ಮತ್ತು ಎಳೆಗೊಂಬಿನ ಜಿಂಕೆಯನ್ನು ವಿಶೇಷ ಅನುಮತಿಯಿಲ್ಲದೆ ಹೊಡೆಯುವಂತಿರಲಿಲ್ಲ. 1991ರ ತಿದ್ದುಪಡಿ ಲೈಸೆನ್ಸಿನ ವ್ಯವಸ್ಥೆಯನ್ನೇ ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ ‘ಪುಣ್ಯಕ್ಕೆ ಬೇಟೆ ನಿಂತಿದೆ’ ಎಂದು ಮಲೆನಾಡಿನಲ್ಲಿ ಕೂತು ನೀವು ಬರೆಯಬಾರದಿತ್ತು. ಬೇಲಿಯ ಸಂದಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟುವವರು ನಿಮ್ಮೂರಲ್ಲಿ ಯಾರೂ ಇಲ್ಲವೇ? ಉರುಳಿಗೆ ಗಂಡು ಹೆಣ್ಣು ತಿಳಿಯದು. ರಾತ್ರಿ ಜೀಪಿನಲ್ಲಿ ಹೋಗಿ ಟಾರ್ಚ್ ಬಿಟ್ಟು ಹೊಡೆಯುವವನಿಗೆ ಕಾಣುವುದು ಹೊಳೆಯುವ ಎರಡು ಕಣ್ಣು. ಮಾಂಸ ಯಾವ ಹೋಂಸ್ಟೇಗೆ ಹೋಯಿತು ಎಂದು ಊರಿಗೆಲ್ಲ ಗೊತ್ತಿರುತ್ತದೆ, ಪಂಚನಾಮೆಗೆ ಸಾಕ್ಷಿ ಮಾತ್ರ ಸಿಗುವುದಿಲ್ಲ. ಬೇಟೆ ಉಳಿದಿದೆ ಸ್ವಾಮಿ, ಹೋದದ್ದು ನೇಮ. ಅಜ್ಜಂದಿರು ಬಾಯಲ್ಲಿ ಹೇಳಿದ್ದನ್ನು ನಾವು ನಂಬುವುದಿಲ್ಲ. ಅದನ್ನೇ ಹೊರಗಿನವರು ಬಂದು, ಸ್ಲೈಡು ಹಾಕಿ, ಊಟ ಕೊಟ್ಟು ಹೇಳಿದರೆ ಬರೆದುಕೊಳ್ಳುತ್ತೇವೆ. ಕೆರೆ, ಬೀಜ, ಗೊಬ್ಬರ ಎಲ್ಲದರಲ್ಲೂ ಇದೇ ಆಗಿದೆ. ಇರಲಿ, ಆ ಸಿಟ್ಟನ್ನು ಈ ಪುಟದಲ್ಲಿ ಎಷ್ಟೋ ಸಲ ಕಾರಿಕೊಂಡಿದ್ದೇನೆ.

ಇನ್ನು ನೀವು ಕಂಸದೊಳಗೆ ಬರೆದ ಮರಿ. ಅದು ತಬ್ಬಲಿ ಆಗಿರಲಿಕ್ಕಿಲ್ಲ. ತಾಯಿ ಮೇಯಲು ಹೋಗಿದ್ದಿರಬೇಕು. ಇನ್ನೊಮ್ಮೆ ಹಾಗೆ ಕಂಡರೆ ಮುಟ್ಟದೆ ಹಿಂದೆ ಸರಿಯಿರಿ. ಆಗಲೇ ಯಾರಾದರೂ ಎತ್ತಿ ತಂದಿದ್ದರೆ ತಡಮಾಡದೆ ಅಲ್ಲಿಯೇ ಬಿಟ್ಟುಬನ್ನಿ, ಮನುಷ್ಯನ ಕೈ ತಾಗಿತೆಂದು ತಾಯಿ ಬಿಟ್ಟುಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ತಾಯಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮತ್ತೆ ಆ ಒಂದೆರಡು ದಿನ ತೋಟದ ನಾಯಿಗಳನ್ನು ಕಟ್ಟಿಹಾಕಿ.

— ಸಂ.