ವಾರದ ಹಾಸ್ಟೆಲ್: ಶನಿವಾರ ಮನೆಗೆ, ರವಿವಾರ ಸಂಜೆ ವಾಪಸ್

ಶಾಲೆ ಶುರುವಾಗುವ ದಿನ ಹತ್ತಿರ ಬಂದಂತೆ ಹಾಸ್ಟೆಲ್ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರು ಆಳಂದ. ಮಗ ಆರನೇತ್ತೆಗೆ ಕಲಬುರಗಿಯ ಖಾಸಗಿ ಶಾಲೆ ಸೇರುತ್ತಾನೆ. ದಿನಾ ಬಸ್ಸಿನಲ್ಲಿ ಅಡ್ಡಾಡಿಸಬೇಕೋ, ಪೂರ್ತಿ ಹಾಸ್ಟೆಲಿಗೆ ಹಾಕಬೇಕೋ, ವಾರಕ್ಕೊಮ್ಮೆ ಮನೆಗೆ ಬರುವ ಹಾಸ್ಟೆಲ್ ಒಳ್ಳೆಯದೋ? (ಒಬ್ಬ ತಾಯಿ, ಆಳಂದ)

ಉತ್ತರ: ನಿಮ್ಮ ದೂರಕ್ಕೆ ವಾರದ ಹಾಸ್ಟೆಲ್ಲೇ ಸರಿ. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಬಸ್ಸಿಗೆ ಕಾಯುವುದೂ ಸೇರಿ ಹೋಗಲು ಒಂದೂಕಾಲು ತಾಸು, ಬರಲು ಅಷ್ಟೇ. ವಾರಕ್ಕೆ ಆರು ದಿನವೆಂದರೆ 15 ತಾಸು ದಾರಿಯಲ್ಲೇ ಹೋಗುತ್ತದೆ. ವಾರಕ್ಕೊಮ್ಮೆ ಬಂದುಹೋದರೆ ಎರಡೂವರೆ ತಾಸು. ಉಳಿಯುವ ಹನ್ನೆರಡೂವರೆ ತಾಸಿನಲ್ಲಿ ಹುಡುಗ ಆಡಬಹುದು, ಓದಬಹುದು, ಹೊಟ್ಟೆತುಂಬ ನಿದ್ದೆ ಮಾಡಬಹುದು. ಬೆಳಿಗ್ಗೆ ಐದೂವರೆಗೆ ಎದ್ದ ಮಗು ಮಧ್ಯಾಹ್ನದ ಗಣಿತದ ಪೀರಿಯಡ್‌ನಲ್ಲಿ ತೂಕಡಿಸುವುದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಪೂರ್ತಿ ಹಾಸ್ಟೆಲಿನಲ್ಲಿ ಓದು ಸಾಗುತ್ತದೆ, ಆದರೆ ಮನೆಯ ಮಾತು, ಮನೆಯ ಊಟ, ಅಜ್ಜಿ-ತಾತನ ಒಡನಾಟ ದೂರವಾಗುತ್ತದೆ. ಹತ್ತು-ಹನ್ನೊಂದು ವರ್ಷಕ್ಕೆ ಅದು ಸಣ್ಣ ನಷ್ಟವಲ್ಲ. ಮಗುವಿನ ಮುಖ ಬಾಡಿದ್ದು, ತೂಕ ಇಳಿದಿದ್ದು, ಹೊಸ ಕನ್ನಡಕ ಬೇಕಾಗಿದ್ದು ವಾರಕ್ಕೊಮ್ಮೆ ನೋಡುವ ತಾಯಿಗೆ ಬೇಗ ತಿಳಿಯುತ್ತದೆ.

ಒಂದು ಮಾತು: ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಪೂರ್ತಿ ವಸತಿಯವು. ವಾರದ ಹಾಸ್ಟೆಲ್ ಬೇಕೆಂದರೆ ಖಾಸಗಿ ಶಾಲೆಗಳಲ್ಲೇ ಕೇಳಬೇಕು.

ವಾರದ ಹಾಸ್ಟೆಲ್ ಕೆಡುವುದು ಹೆಚ್ಚಾಗಿ ರವಿವಾರ ಸಂಜೆಯೇ. ಸೋಮವಾರ ಮುಂಜಾನೆಯ ಮೊದಲ ಬಸ್ಸಿಗೆ ಕಳಿಸಿದರೆ ಇನ್ನೊಂದು ರಾತ್ರಿ ಮನೆಯಲ್ಲಿ ಸಿಗುತ್ತದೆ ನಿಜ. ಆದರೆ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. ಮೊದಲ ಎರಡು ತಿಂಗಳಾದರೂ ರವಿವಾರ ಸಂಜೆ ಐದೂವರೆಗೆ ಮುಟ್ಟಿಸಿ. ಹಾಸಿಗೆಗೆ ಚಾದರ ಹಾಸಿಕೊಂಡು, ಟ್ರಂಕ್ ಜೋಡಿಸಿಕೊಂಡು, ಗೆಳೆಯರ ಜೊತೆ ಸಾಲಿನಲ್ಲಿ ನಿಂತು ಊಟ ಮಾಡುವಷ್ಟು ಹೊತ್ತು ಸಿಗಬೇಕು. ರಾತ್ರಿ ಒಂಬತ್ತಕ್ಕೆ, ದೀಪ ಆರಿಸುವ ಹೊತ್ತಿಗೆ ತಂದು ಬಿಟ್ಟ ಮಗು ಕತ್ತಲಲ್ಲಿ ತನ್ನ ಮಂಚ ಹುಡುಕಿ, ಚಾದರ ಮುಖಕ್ಕೆ ಎಳೆದುಕೊಂಡು ಅಳುತ್ತದೆ. ಗೇಟಿನಲ್ಲಿ ಅರ್ಧ ತಾಸು ನಿಲ್ಲಬೇಡಿ. ಮುಂದಿನ ಫೋನ್ ಯಾವ ದಿನ, ಎಷ್ಟು ಗಂಟೆಗೆ ಎಂದು ಹೇಳಿ ಹೊರಡಿ, ಆ ಹೊತ್ತಿಗೆ ತಪ್ಪದೆ ಫೋನ್ ಮಾಡಿ.

ಆರು ರಾತ್ರಿಗೆ ಯೂನಿಫಾರ್ಮ್ 3 ಜೊತೆ, ಒಳಉಡುಪು 7, ಕಾಲುಚೀಲ 6 ಜೊತೆ, ಟವೆಲ್ 2, ಚಾದರ 2. ಚಾದರ ಎರಡು ಏಕೆಂದರೆ ಮಳೆಗಾಲದಲ್ಲಿ ಶನಿವಾರ ಒಗೆದದ್ದು ರವಿವಾರಕ್ಕೆ ಒಣಗುವುದಿಲ್ಲ. ಹಸಿ ಟವೆಲ್ ಟ್ರಂಕಿನಲ್ಲಿಟ್ಟರೆ ಮುಗ್ಗಲು ವಾಸನೆ ಎಲ್ಲ ಬಟ್ಟೆಗೂ ಹತ್ತುತ್ತದೆ. ಅದಕ್ಕೊಂದು ಬೇರೆ ಚೀಲ ಕೊಡಿ. ತಿನಿಸಿಗೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ ವಾರ ಕೆಡುವುದಿಲ್ಲ. ಎಣ್ಣೆಯ ಪಲ್ಯ ಕಟ್ಟಬೇಡಿ, ಇರುವೆ ಬರುತ್ತವೆ.

ಪ್ರಶ್ನೆ: ವಾರದ ಹಾಸ್ಟೆಲಿಗೂ ಪೂರ್ತಿ ಹಾಸ್ಟೆಲಿನಷ್ಟೇ ಫೀಸ್ ಕೇಳುತ್ತಿದ್ದಾರೆ. ಇದು ನ್ಯಾಯವೇ? (ಹುಮನಾಬಾದ್)

ಉತ್ತರ: ಪೂರ್ತಿ ಅಷ್ಟೇ ಕೇಳುವುದು ಸರಿಯಲ್ಲ. ಹಾಗಂತ ಬಹಳ ಕಡಿಮೆಯಾಗುವುದೂ ಇಲ್ಲ. ಮಂಚ, ವಾರ್ಡನ್, ಕಾವಲುಗಾರನ ಸಂಬಳ ವಾರಪೂರ್ತಿ ನಡೆಯುತ್ತವೆ. ಉಳಿಯುವುದು ಊಟದ ಖರ್ಚು ಮಾತ್ರ. ದಿನಕ್ಕೆ ಮೂರು ಹೊತ್ತೆಂದರೆ ವಾರಕ್ಕೆ 21. ಶನಿವಾರದ ಎರಡು, ರವಿವಾರದ ಎರಡು ಹೊತ್ತು ಮಗು ಉಣ್ಣುವುದಿಲ್ಲ. ಅಂದರೆ ಮೆಸ್ ಹಣದಲ್ಲಿ ಸುಮಾರು ಐದನೇ ಒಂದು ಪಾಲು ಬಿಡಿ ಎಂದು ಕೇಳಿ. ಹಾಸ್ಟೆಲ್ ಫೀಸ್, ಮೆಸ್ ಫೀಸ್ ಬೇರೆ ಬೇರೆ ಬರೆದ ರಸೀದಿ ಇದ್ದರೆ ಮಾತು ಸುಲಭ.

ಪ್ರಶ್ನೆ: ನಾನು ಯಾದಗಿರಿಯಲ್ಲಿ ನರ್ಸ್. ತಿಂಗಳಲ್ಲಿ ಕೆಲವು ದಿನ ನೈಟ್ ಡ್ಯೂಟಿ ಇರುತ್ತದೆ. ಆ ರಾತ್ರಿಗಳಷ್ಟೇ ಮಗಳನ್ನು ಶಾಲೆಯ ಹಾಸ್ಟೆಲಿನಲ್ಲಿ ಬಿಡಬಹುದೇ?

ಉತ್ತರ: ಬಿಡಬಹುದು. ಶಾಲೆ ಒಪ್ಪಿದರೆ ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ನೆರೆಮನೆಯಲ್ಲಿ ಮಲಗಿಸುವುದಕ್ಕಿಂತ ತನ್ನದೇ ಮಂಚ, ತನ್ನ ತರಗತಿಯ ಗೆಳತಿಯರು ಇರುವ ಕಡೆ ಮಗು ನಿಶ್ಚಿಂತೆಯಿಂದ ಮಲಗುತ್ತದೆ. ಆದರೆ ಖಾಲಿ ಇದ್ದ ಮಂಚ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಒಂದೇ ಮಂಚ, ಒಂದೇ ಕಪಾಟು, ಅದರಲ್ಲಿ ಸದಾ ಒಂದು ಜೊತೆ ಬಟ್ಟೆ, ಬ್ರಷ್ಷು ಇರಲಿ.

ಇಲ್ಲಿ ದೊಡ್ಡ ಅಪಾಯ ಬೇರೆಯದು. ಮಗಳು ಮನೆಯಲ್ಲಿದ್ದಾಳೆ ಎಂದು ಹಾಸ್ಟೆಲ್, ಹಾಸ್ಟೆಲಿನಲ್ಲಿದ್ದಾಳೆ ಎಂದು ಮನೆ ತಿಳಿದರೆ ಆ ರಾತ್ರಿ ಅವಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಡ್ಯೂಟಿ ಪಟ್ಟಿ ಬಂದ ದಿನವೇ ತಿಂಗಳ ದಿನಾಂಕಗಳನ್ನು ಬರೆದು ವಾರ್ಡನ್ ಸಹಿ ತೆಗೆದುಕೊಳ್ಳಿ. ಬದಲಾದರೆ ಹಿಂದಿನ ದಿನ ತಿಳಿಸಿ. ಉಳಿಯುವ ದಿನ ಶಾಲೆ ಬಿಟ್ಟ ಕೂಡಲೇ ಕ್ಲಾಸ್ ಟೀಚರ್ ಅವಳನ್ನು ವಾರ್ಡನ್ನಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಆಗಬೇಕು, ರಾತ್ರಿ ಹಾಜರಿ ಆದಮೇಲೆ ನಿಮಗೊಂದು ಮೆಸೇಜ್ ಬರಬೇಕು. ಕರೆದೊಯ್ಯುವವರು ಯಾರ್‍ಯಾರು ಎಂದು ಫೋಟೋ ಸಮೇತ ಬರೆದು ಕೊಡಿ. ಹೆಸರಿಲ್ಲದವರು ಬಂದರೆ, ಸ್ವಂತ ಸೋದರಮಾವನೇ ಆದರೂ, ನಿಮಗೆ ಫೋನ್ ಮಾಡದೆ ಕಳಿಸಕೂಡದು.

ಪ್ರಶ್ನೆ: ಪ್ರತಿ ಶನಿವಾರ ಮಗ ತುರಿಸಿಕೊಳ್ಳುತ್ತಾ ಬರುತ್ತಾನೆ. ಮುಲಾಮು ಹಚ್ಚಿದರೆ ಕಡಿಮೆಯಾಗಿ ಮತ್ತೆ ಬರುತ್ತದೆ. ಈಗ ತಂಗಿಗೂ ಶುರುವಾಗಿದೆ. (ಭಾಲ್ಕಿ)

ಉತ್ತರ: ತುರಿಕೆ ರಾತ್ರಿ ಹೆಚ್ಚಿದ್ದು, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ ಕಂಡರೆ ಅದು ಕಜ್ಜಿ ಇರಬಹುದು. ಇದು ಚರ್ಮದೊಳಗೆ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಶೇಕಡಾ 5ರ ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ಮಲಗುವ ಮುನ್ನ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ಮುಂಜಾನೆ ಸ್ನಾನ. ಒಂದು ವಾರ ಬಿಟ್ಟು ಇನ್ನೊಮ್ಮೆ. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚಿದರೆ ಹೋಗುವುದಿಲ್ಲ.

ಮತ್ತೆ ಬರುವುದೇಕೆಂದರೆ ನಿಮ್ಮ ಮಗನಿಗೊಬ್ಬನಿಗೇ ಔಷಧಿ ಆಗಿದೆ. ಹುಳ ಹತ್ತಿದರೂ ಮೊದಲ ಸಲ ತುರಿಕೆ ಶುರುವಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ, ಹಾಗಾಗಿ ತುರಿಕೆ ಇಲ್ಲದವರಿಗೂ ಔಷಧಿ ಬೇಕು. ವಾರ್ಡನ್ನಿಗೆ ಇವತ್ತೇ ತಿಳಿಸಿ. ಕೋಣೆಯ ಎಲ್ಲ ಹುಡುಗರಿಗೂ, ನಿಮ್ಮ ಮನೆಯ ಎಲ್ಲರಿಗೂ ಒಂದೇ ರಾತ್ರಿ ಹಚ್ಚಬೇಕು. ಚಾದರ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಸ್ವೆಟರ್, ಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕನಿಷ್ಠ ಮೂರು ದಿನ ಮುಟ್ಟದೆ ಇಡಿ. ಔಷಧಿ ಸರಿಯಾಗಿ ಆದಮೇಲೂ ಎರಡು-ಮೂರು ವಾರ ತುರಿಕೆ ಉಳಿಯಬಹುದು. ಹೆದರಿ ದಿನಾ ಮುಲಾಮು ಹಚ್ಚಬೇಡಿ, ಚರ್ಮ ಉರಿಯುತ್ತದೆ.