ಡ್ರೋನ್ ಬಿಡಿ, ಕಣಕ್ಕೆ ಇಳಿಯಿರಿ

(ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಒಂದು ವರ್ಷದಲ್ಲಿ ನಾವು ಸಿನಿಮಾ ಹಾಡುಗಳ ಬಗ್ಗೆ 11 ಲೇಖನ ಹಾಕಿದ್ದೇವೆ, ಇಂಡಿ, ಅಂದರೆ ತಮ್ಮ ಹಾಡು ತಾವೇ ಹೊರತರುವ ಸ್ವತಂತ್ರ ಬ್ಯಾಂಡುಗಳ ಬಗ್ಗೆ ಒಂದೂ ಇಲ್ಲ ಎನ್ನುವುದು ಅವರ ಸಿಟ್ಟು. ಸಿನಿಮಾ ಹಾಡೆಲ್ಲ ಬರೀ ಗದ್ದಲ ಅಂತಲೂ ಬರೆದಿದ್ದಾರೆ. ಜೊತೆಗೆ ಅವರೂ ಮೂವರು ಗೆಳೆಯರೂ ಸೇರಿ ಒಂದು ಹಾಡು ಮಾಡಿದ್ದಾರೆ. 80,000 ರೂಪಾಯಿ ಕೂಡಿಸಿದ್ದಾರೆ. ಅದರಲ್ಲಿ ಬೆಂಗಳೂರಿನಿಂದ ಡ್ರೋನ್ ತರಿಸಿ ಮಾಂದಲ್‌ಪಟ್ಟಿ, ಅಬ್ಬಿ ಜಲಪಾತ, ರಾಜಾಸೀಟಿನಲ್ಲಿ ವಿಡಿಯೊ ತೆಗೆಯಬೇಕು ಅಂತಿದ್ದಾರೆ. ಹೇಗಿದೆ ಯೋಚನೆ ಎಂದು ಕೇಳಿದ್ದಾರೆ.)

ಪ್ರಿಯ ಗೆಳೆಯರೆ,

ನಿಮ್ಮ ಪತ್ರ ಓದಿ ಹಳೆ ಸಂಚಿಕೆಗಳನ್ನೆಲ್ಲ ಅಟ್ಟದಿಂದ ಇಳಿಸಿ ಎಣಿಸಿದೆ. 11 ಅಲ್ಲ, 12. ಒಂದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಡುಗೆ ಪುಟದ ಹಿಂದೆ ಬಂದಿತ್ತು. ಬ್ಯಾಂಡುಗಳಿಗೆ ಸೊನ್ನೆ, ಅದು ನಿಜ. ಸಿನಿಮಾದವರು ಫೋಟೊ, ಮಾಹಿತಿ ಎಲ್ಲ ತಾವೇ ಕಳಿಸುತ್ತಾರೆ. ಬ್ಯಾಂಡಿನವರನ್ನು ನಾವು ಹುಡುಕಿಕೊಂಡು ಹೋಗಬೇಕು. ಹೋಗಲಿಲ್ಲ. ಸೋಮಾರಿತನ, ಬೇರೇನಿಲ್ಲ.

ಹಾಗಂತ ನನಗೆ ಈ ಬ್ಯಾಂಡುಗಳ ಹುಚ್ಚು ಇಲ್ಲ ಅಂದುಕೊಳ್ಳಬೇಡಿ. 1997ರ ಕಕ್ಕಡ ತಿಂಗಳ ಮಳೆಯಲ್ಲಿ ಗೋಣಿಕೊಪ್ಪದ ಮಾವನ ಮನೆಗೆ ಹೊಸದಾಗಿ ಕೇಬಲ್ ಬಂತು. ಹಾಡಿನ ಚಾನೆಲ್ ಎಂಟಿವಿ ಇಂಡಿಯಾ ಶುರುವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಟಿವಿ ಇದ್ದ ಕೋಣೆಗೆ ಹೆಂಚಿಲ್ಲ, ಜಿಂಕ್ ಶೀಟು. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳದು, ಇನ್ನು ಗಿಟಾರ್ ಎಲ್ಲಿ ಕೇಳಬೇಕು? ವಾಲ್ಯೂಮ್ ಏರಿಸಿದರೆ ಅತ್ತೆ ಒಳಗಿಂದ ಬೈಯುತ್ತಿದ್ದರು. (ಅವರಿಗೆ ಮಾತ್ರ ಅದು ಹೇಗೆ ಕೇಳುತ್ತಿತ್ತೋ!) ಹಾಗಾಗಿ ಆ ಮಳೆಗಾಲ ಪೂರ್ತಿ ಹಾಡುಗಳನ್ನು ನೋಡಿದೆ. ಕೇಳಿದ್ದು ಮಳೆ ಬಿಟ್ಟ ಮೇಲೆ. ಕೆಲವು ವಿಡಿಯೊಗಳು ಸದ್ದಿಲ್ಲದೆಯೂ ಹಿಡಿದು ಕೂರಿಸುತ್ತಿದ್ದವು. ಒಂದು ಚಿಕ್ಕ ಕೋಣೆ, ನಾಲ್ಕು ಜನ, ಬೆವರು. ಇನ್ನು ಕೆಲವರು ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತಿರುತ್ತಿದ್ದರು, ಕೂದಲು ಗಾಳಿಗೆ ಹಾರುತ್ತಿತ್ತು. ಅವರು ಬಂದ ಕೂಡಲೇ ನಾನು ಎದ್ದು ಕಾಫಿಗೆ ಹೋಗುತ್ತಿದ್ದೆ.

ಈಗ ನಿಮ್ಮ ಸ್ಕ್ರಿಪ್ಟ್ ನೋಡಿ. ಮಾಂದಲ್‌ಪಟ್ಟಿಯ ತುದಿಯಲ್ಲಿ ಕೈ ಚಾಚಿ ನಿಲ್ಲುವುದೇ ಮೊದಲ ಶಾಟ್ ಅಲ್ವಾ?

ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾಡಿಗೆ ಜೀಪಿನಲ್ಲಿ ಮಾಂದಲ್‌ಪಟ್ಟಿಗೆ ಹೋಗಿ ಮಂಜಿನ ವಿಡಿಯೊ ತೆಗೆಯುವವರು ವಾರಾಂತ್ಯದಲ್ಲಿ ಸಾಲುಗಟ್ಟಿರುತ್ತಾರೆ. ಕೊಡಗಿಗೆ ಎರಡು ದಿನಕ್ಕೆ ಬಂದವರ ಕಣ್ಣಿಗೆ ಕಾಣುವುದು ಅದು. ನೀವು ಹುಟ್ಟಿ ಬೆಳೆದದ್ದು ಇಲ್ಲೇ. ನಿಮ್ಮ ಹಾಡಿನ ಸಾಲು ನೀವೇ ಬರೆದು ಕಳಿಸಿದ್ದೀರಿ: ಕೂಲಿ ಲೆಕ್ಕ, ಒದ್ದೆ ಗೋಣಿಚೀಲ, ರಾತ್ರಿ ಕರೆಂಟ್ ಹೋದಾಗ ತಂಗಿ ಓದುವ ಟಾರ್ಚ್ ಬೆಳಕು. ಇದಕ್ಕೂ ಜಲಪಾತಕ್ಕೂ ಏನು ಸಂಬಂಧ?

ಅಮೆರಿಕದ ಓಕೆ ಗೋ ಬ್ಯಾಂಡಿನ ಟ್ರೆಡ್‌ಮಿಲ್ ವಿಡಿಯೊ ನೀವು ನೋಡಿರುತ್ತೀರಿ. 2006ರದು. ಎಂಟು ಟ್ರೆಡ್‌ಮಿಲ್, ನಾಲ್ಕು ಜನ, ಅಲುಗಾಡದೆ ನಿಂತ ಒಂದು ಕ್ಯಾಮೆರಾ. ಎಲ್ಲೂ ಕಟ್ ಇಲ್ಲ. ಕುಣಿತ ಹೇಳಿಕೊಟ್ಟದ್ದು ಹಾಡುಗಾರನ ಅಕ್ಕ ಟ್ರಿಶ್ ಸೀ. ಸರಿ ಬರುವ ತನಕ ಮತ್ತೆ ಮತ್ತೆ ತೆಗೆದರು. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಅವರು ಸುರಿದದ್ದು ದುಡ್ಡಿಗಿಂತ ಜಾಸ್ತಿ ಅಭ್ಯಾಸವನ್ನು.

ದುಡ್ಡಿನ ಮಾತು ಬಂತಲ್ಲ, ಇನ್ನೊಂದು. ಇಂಡಿ ಎಂಬ ಮಾತು ಹುಟ್ಟಿದ್ದೇ ಲೆಕ್ಕದ ಪುಸ್ತಕದಿಂದ. ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ರೆಕಾರ್ಡ್ ಹಾಕಿದವರು ಇಂಡಿ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು 1977ರಲ್ಲಿ ಮನೆಯವರು, ಗೆಳೆಯರ ಹತ್ತಿರ 500 ಪೌಂಡ್ ಸಾಲ ಮಾಡಿ ಒಂದು ಸಾವಿರ ಡಿಸ್ಕ್ ಹೊರತಂದರು. ಅದು ಖರ್ಚಾಗಿ ಮತ್ತೆ ಮತ್ತೆ ಹಾಕಿಸಬೇಕಾಯಿತು. ನಿಮ್ಮ 80,000ವೂ ಅಂಥದ್ದೇ ದುಡ್ಡು, ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಅದರಲ್ಲಿ ಮುಕ್ಕಾಲು ಪಾಲು ಡ್ರೋನಿಗೆ ಮತ್ತು ಲಾಡ್ಜಿಗೆ ಅಂತ ಬರೆದಿದ್ದೀರಿ. ಅರಣ್ಯದೊಳಗೆ ಶೂಟಿಂಗ್ ಮಾಡಲು ಇಲಾಖೆಯ ಅನುಮತಿ ಬೇಕು, ಅದರ ಓಡಾಟ ಬೇರೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ಜನವರಿ ತನಕ ಕಾಯುತ್ತಿದ್ದೆ. ಕಾಫಿ ಕೊಯ್ಲು, ಕಣದ ತುಂಬ ಚೆರಿ, ಒಣಗಲು ಹಾಕಿದ ಕಾಫಿ ಹಣ್ಣು. ಒಣಗಿದೆಯೋ ಇಲ್ಲವೋ ಎಂದು ನಿಮ್ಮ ಅಪ್ಪ ಹೇಗೆ ನೋಡುತ್ತಾರೆ? ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಆಯಿತು, ಒಳಗೆ ಬೀಜ ಸಿಪ್ಪೆ ಬಿಟ್ಟಿದೆ. ಹಸಿ ಇದ್ದರೆ ಸದ್ದೇ ಇಲ್ಲ. ನಿಮ್ಮ ಡ್ರಮ್ಮರ್ ಬೆಂಗಳೂರಿನಿಂದ ಶೇಕರ್ (ಅಲ್ಲಾಡಿಸಿ ನುಡಿಸುವ ಗಿಲಕಿ) ತರಿಸಬೇಕು ಅಂತ ಬರೆದಿದ್ದಾರಲ್ಲ, ಅವರ ಅಂಗಳದಲ್ಲಿ ಎಷ್ಟು ಕ್ವಿಂಟಾಲ್ ಶೇಕರ್ ಬಿದ್ದಿದೆ ನೋಡಿ! ಆ ಕೈಯಿಂದಲೇ ಹಾಡು ಶುರುವಾಗಲಿ. ಅಪ್ಪ ಒಪ್ಪಿದರೆ ಅವರದೇ ಕೈ.

ಸ್ಲೋ ಮೋಷನ್‌ನಲ್ಲಿ ತುಟಿ ಹಾಡಿಗೆ ಹೊಂದುವುದಿಲ್ಲ, ಅದಕ್ಕೆ ದೊಡ್ಡ ಕ್ಯಾಮೆರಾ ಬೇಕು ಅಂದಿದ್ದೀರಿ. ಬೇಡ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಸ್ಪೀಕರಿಗೆ ಹಾಕಿ, ಅದರ ಜೊತೆಗೇ ತುಟಿ ಆಡಿಸಿ. ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ತೆಗೆದು ಎಡಿಟಿಂಗ್‌ನಲ್ಲಿ 30ಕ್ಕೆ ಇಳಿಸಿ. ವೇಗ ಅರ್ಧ ಆಗುತ್ತದೆ. ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ಸುತ್ತಲಿನದೆಲ್ಲ ತೇಲುತ್ತದೆ. ತೆಗೆಯುವಾಗ ನೋಡಿದವರು ನಗುತ್ತಾರೆ, ನಗಲಿ ಬಿಡಿ.

ಸಿನಿಮಾ ಹಾಡು ಬರೀ ಗದ್ದಲ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. 2008ರಲ್ಲಿ ಇಂಡಿ ಬ್ಯಾಂಡ್ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದಾಗ 19ನೇ ಶತಮಾನದ ಶಿಶುನಾಳ ಶರೀಫರ ಸಾಲುಗಳನ್ನು ಕಾಲೇಜು ಹುಡುಗರು ಗಿಟಾರ್ ಹಿಡಿದು ಹಾಡತೊಡಗಿದರು. ಅದೇ ರಘು ಕನ್ನಡ ಸಿನಿಮಾಗಳಿಗೂ ಸಂಗೀತ ಕೊಟ್ಟರು. ಅವರ ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡ್ ಕಟ್ಟಿಕೊಂಡು ತಮ್ಮ ದಾರಿ ಹಿಡಿದರು. ಒಂದೇ ಮನೆಯ ಇಬ್ಬರು. ನಡುವೆ ಗೋಡೆ ಕಟ್ಟುವವರು ನಾವು, ಕೇಳುವವರು.

ಇನ್ನು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ವಿಷಯ. ನೆಂಟರ ಮದುವೆಯಲ್ಲಿ ವಾಲಗದವರು ನುಡಿಸಿದ್ದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೀರಿ, ಅದನ್ನೇ ಹಾಡಿನ ನಡುವೆ ಸೇರಿಸುತ್ತೀರಿ, ಹಳೆಯ ಮಟ್ಟು ತಾನೆ, ಯಾರ ಹಕ್ಕೂ ಇಲ್ಲ ಅಂದಿದ್ದೀರಿ. ಇಲ್ಲಿ ನಿಲ್ಲಿ. ಮಟ್ಟು ಹಳೆಯದು, ಸರಿ. ನುಡಿಸಿದವರು ಹಳಬರಲ್ಲ, ಮೊನ್ನೆ ಮದುವೆ ಊಟ ಮಾಡಿ ಹೋದವರು. ನುಡಿಸಿದವರ ಹಕ್ಕನ್ನು ನಮ್ಮ ಕಾಪಿರೈಟ್ ಕಾನೂನು ಬೇರೆಯಾಗಿಯೇ ಎಣಿಸುತ್ತದೆ, 50 ವರ್ಷದ ತನಕ. ಕಾನೂನು ಪಕ್ಕಕ್ಕಿಡಿ, ರಾತ್ರಿಯಿಡೀ ಊದಿದವರ ಹೆಸರು ನಿಮಗೆ ಗೊತ್ತಾ? ನನಗೂ ಎಷ್ಟೋ ಮದುವೆಯಲ್ಲಿ ಗೊತ್ತಿರಲಿಲ್ಲ. 'ವಾಲಗದವರಿಗೆ ಎಲೆ ಹಾಕಿ' ಅಂತ ಕೂಗಿದ್ದಷ್ಟೇ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯಲ್ಲಿ ನಮ್ಮ ಕೊಡವ ಹಾಡುಗಳನ್ನು ಸೇರಿಸಿಟ್ಟದ್ದರಿಂದ ಪದಗಳು ಉಳಿದವು. ಊದಿದವರ ಉಸಿರು ಪುಸ್ತಕಕ್ಕೆ ಸಿಗುವುದಿಲ್ಲ. ನಿಮ್ಮ ಮೈಕಿಗೆ ಸಿಗುತ್ತದೆ.

ಅವರನ್ನು ಕರೆಸಿ. ಡ್ರೋನಿನ ದುಡ್ಡಿನಲ್ಲಿ ಒಂದು ದಿನದ ಸಂಭಾವನೆ ಕೊಡಿ, ಮದುವೆಗೆ ಕೊಡುವುದಕ್ಕಿಂತ ಕಡಿಮೆ ಬೇಡ. ಕಣದಲ್ಲೇ ಕೂರಿಸಿ ಸರಿಯಾಗಿ ರೆಕಾರ್ಡ್ ಮಾಡಿ. ನಿಮ್ಮ ನಾಲ್ವರ ಹೆಸರು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಅವರ ಹೆಸರೂ ತೆರೆಯ ಮೇಲೆ ಬರಲಿ. ಉಳಿದದ್ದನ್ನು ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸಕ್ಕೆ, ಅಂದರೆ ಮಿಕ್ಸಿಂಗ್‌ಗೆ ಸುರಿಯಿರಿ. ನೀವು ಕಳಿಸಿದ ಹಾಡಿನಲ್ಲಿ ದುಡಿ ವಾದ್ಯದ ಸದ್ದು ಚೆನ್ನಾಗಿದೆ, ಆದರೆ ಬೇಸ್ ಗಿಟಾರ್ ಅದನ್ನು ನುಂಗಿಹಾಕಿದೆ. ಮೂರು ಸಲ ಕೇಳಿದ ಮೇಲೆ ಹೇಳುತ್ತಿದ್ದೇನೆ.

ಯೂಟ್ಯೂಬಿನಿಂದ ದುಡ್ಡು ಯಾವಾಗ ಬರುತ್ತದೆ ಅಂತ ಕೇಳಿದ್ದೀರಿ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ನಾಲ್ಕು ನಿಮಿಷದ ಒಂದೇ ಹಾಡಿನಿಂದ ಅದು ಕಷ್ಟ. ಅದನ್ನು ನಂಬಿ ಸಾಲ ಮಾಡಬೇಡಿ.

ಮುಂದಿನ ಸಂಚಿಕೆಯಿಂದ ಒಂದು ಪುಟ ಬ್ಯಾಂಡುಗಳಿಗೆ. ಸಿನಿಮಾ ಪುಟ ತೆಗೆಯುವುದಿಲ್ಲ, ರಾಶಿ ಭವಿಷ್ಯ ಅರ್ಧ ಪುಟಕ್ಕೆ ಇಳಿಯುತ್ತದೆ. ಅದಕ್ಕೆ ಬೈದು ಬರುವ ಪತ್ರಗಳಿಗೆ ನೀವೇ ಉತ್ತರ ಬರೆದುಕೊಡಬೇಕು. ಹೊಸ ಮಿಕ್ಸಿಂಗ್ ಆದ ಮೇಲೆ ಪೆನ್‌ಡ್ರೈವ್ ಹಿಡಿದುಕೊಂಡು ಮಡಿಕೇರಿಗೆ ಬನ್ನಿ. ನಮ್ಮ ಕಚೇರಿ ಕಂಪ್ಯೂಟರಿನ ಎಡಗಡೆ ಸ್ಪೀಕರ್ ಕೆಟ್ಟಿದೆ. ಹೆಡ್‌ಫೋನ್ ನೀವೇ ತನ್ನಿ.

– ಸಂ.